ಬುದ್ಧಗಯೆ



ನಮ್ಮ ತೀರ್ಥರೂಪರು ಕಾಲವಾದ ಮರುವರ್ಷ, ಮಾತೃಶ್ರೀಯವರ ಇಚ್ಛೆಯಂತೆ ಅವರನ್ನು ಕರೆದುಕೊಂಡು ನಾವು ಗಯೆಗೆ ಹೋಗಿದ್ದೆವು. ಪ್ರಯಾಗ, ಕಾಶಿ, ಗಯೆ ಎಂಬ ಮೂರು ಸ್ಥಳಗಳ ಯಾತ್ರೆಯನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರು ಮಾಡಿರಬಹುದು. ಆದ ಕಾರಣ ಅದನ್ನು ಇಲ್ಲಿ ವರ್ಣಿಸತಕ್ಕದ್ದಿಲ್ಲ. ಫಲ್ಗು ನದಿಯ ಮರಳನ್ನು ತೋಡಿ ನೀರು ತೆಗೆದದ್ದಾಯಿತು, ವಿಷ್ಣುಪಾದದಲ್ಲಿ ಪಿಂಡಪ್ರದಾನವಾಯಿತು, ಅಕ್ಷಯವಟದ ಕೆಳಗೆ ಪದ್ಧತಿಯಂತೆ ಒಂದು ಹಣ್ಣನ್ನೂ ಒಂದು ತರಕಾರಿಯನ್ನೂ ಜನ್ಮಪರ್ಯಂತ ಬಿಟ್ಟದ್ದೂ ಆಯಿತು. (ನಾವು ಬಿಟ್ಟ ತರಕಾರಿ ಹಾಗಲಕಾಯಿ. ಇದನ್ನು ತ್ಯಾಗವೆಂದು ನಮ್ಮ ತಾಯಿಯವರು ಇನ್ನೂ ಒಪ್ಪಿಲ್ಲ.) ಎಲ್ಲವೂ ಮುಗಿಯಿತೆಂದು ನಾವು ಕೈ ತೊಳೆಯಹೊರಟಾಗ ನಮ್ಮ ಪುರೋಹಿತರು, “ಇನ್ನೂ ಬೋಧಿತರುವಿನ ಕೆಳಗಿನ ಪಿಂಡ ಉಳಿದಿದೆಯಷ್ಟೆ” ಎಂದರು.

ನಾವು ಕಾಲೇಜಿನಲ್ಲಿ ಇತಿಹಾಸವನ್ನು ಹೇಳಿಕೊಡತಕ್ಕವರು. ಬುದ್ಧಗಯೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ವಿದ್ಯಾರ್ಥಿದೆಸೆಯಿಂದಲೂ ನಮಗಿದ್ದಿತು. ಆದರೆ ಬೆರಳಿನಲ್ಲಿ ದರ್ಭೆಯ ಪವಿತ್ರವನ್ನಿಟ್ಟುಕೊಂಡು ಅಲ್ಲಿಗೆ ಹೋಗುವೆವೆಂದು ನಾವು ಎಂದೂ ಎಣಿಸಿರಲಿಲ್ಲ. ಗಯಾಮಾಹಾತ್ಮ್ಯದಲ್ಲಿ ಮಹಾಬೋಧಿತರುವಿಗೆ ನಮಸ್ಕರಿಸಬೇಕೆಂಬ ವಿಧಿ ಇರುವುದನ್ನು ಪುರೋಹಿತರು ನೆನಪಿಸಿದರು. ಅದು ನಿಜವೇ. ಹೋದೆವು.

ದೇವಾಲಯದ ಹಿಂಬದಿಯಲ್ಲಿ, ಪಶ್ಚಿಮದ ಗೋಡೆಗೆ ಹೊಂದಿಕೊಂಡಂತೆ ಆ ಅಶ್ವತ್ಥವೃಕ್ಷ ನಿಂತಿದೆ. ಅದರ ಸಮೀಪದ ನೆರಳಿನಲ್ಲಿ ಬಿಳಿಯ ಉಡುಪಿನ ವೃದ್ಧೆಯೊಬ್ಬರು ಚಾಪೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಸಿಂಹಳದವರೆಂದು ಬಳಿಕ ತಿಳಿಯಿತು. ನಮ್ಮ ಪುರೋಹಿತರು ಅವರನ್ನು ಕುರಿತು ಸ್ವಲ್ಪ ಗಟ್ಟಿಯಾಗಿಯೇ ಹಿಂದಿಯಲ್ಲಿ ಜಾಗ ಬಿಡುವಂತೆ ಹೇಳಿದರು. ಆಕೆಗೆ ಭಾಷೆ ತಿಳಿಯಲಿಲ್ಲ. ಕಣ್ಣು ತೆರೆದು ನಮ್ಮ ಕೈಯಲ್ಲಿದ್ದ ಎಲೆಯ ದೊನ್ನೆಯನ್ನು ನೋಡಿದರು. ತಲೆಗೆ ಸೆರಗು ಹೊದ್ದಿದ್ದ ನಮ್ಮ ತಾಯಿಯವರನ್ನು ನೋಡಿದರು. ಒಂದು ಮಾತನ್ನೂ ಆಡದೆ ಚಾಪೆಯನ್ನು ಸುತ್ತಿಕೊಂಡು ಎರಡು ಮಾರು ಆಚೆಗೆ ಹೋಗಿ ಕುಳಿತರು. ನಾವು ಆ ಸ್ಥಳದಲ್ಲಿ ಕುಳಿತು ತಂದೆಯವರ ಹೆಸರು ಗೋತ್ರಗಳನ್ನು ಹೇಳಿದೆವು.

ಆಕೆ ನಮಗಾಗಿ ಬಿಟ್ಟುಕೊಟ್ಟ ಆ ನೆಲ ಯಾರದು? ಈ ಹೊತ್ತು ನಾವು ಹೇಳಬೇಕೆಂದಿರುವುದು ಇದನ್ನೇ. ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟ ಕಥೆಯಾದುದರಿಂದ ಕೆಲವು ಕಡೆ ಓಡುತ್ತಲೂ ಕೆಲವು ಕಡೆ ನಿಲ್ಲುತ್ತಲೂ ಹೋಗುವುದನ್ನು ತಾವು ಕ್ಷಮಿಸಬೇಕು.

ಗಯಾಪಟ್ಟಣದಿಂದ ದಕ್ಷಿಣಕ್ಕೆ ಸುಮಾರು ಏಳು ಮೈಲಿಯ ದೂರದಲ್ಲಿ, ನೈರಂಜನಾ ನದಿಯ ಪಶ್ಚಿಮತೀರದಲ್ಲಿ ಈ ಊರಿದೆ. ಆ ಹೊಳೆಯೇ ಮುಂದೆ ಮತ್ತೊಂದರೊಡನೆ ಕೂಡಿ ಫಲ್ಗುವೆನಿಸುತ್ತದೆ. ಬುದ್ಧನ ಕಾಲದಲ್ಲಿ ಇದಕ್ಕೆ ಉರುವೇಲವೆಂದು ಹೆಸರು. ಶಾಕ್ಯಕುಮಾರನಾದ ಸಿದ್ಧಾರ್ಥನು ಇಲ್ಲಿ ತಪಸ್ಸು ಮಾಡಿ, ದೇಹದಂಡನೆಯಿಂದ ಪ್ರಯೋಜನವಿಲ್ಲವೆಂದು ಕಂಡು, ಸುಜಾತೆಯು ಕೊಟ್ಟ ಪಾಯಸವನ್ನು ಸ್ವೀಕರಿಸಿ, ಅಶ್ವತ್ಥದ ಬುಡದಲ್ಲಿ ಕುಳಿತು ಬೋಧಿಯನ್ನು ಪಡೆದ ಸಂಗತಿ ಎಲ್ಲರಿಗೂ ತಿಳಿದುದೇ ಆಗಿದೆ. ಲುಂಬಿನಿ, ಸಾರನಾಥ, ಕುಶೀನಗರಗಳೂ ಬೌದ್ಧರಿಗೆ ಪವಿತ್ರವಾದುವೇ. ಆದರೆ ಬುದ್ಧನು ಬುದ್ಧನಾದದ್ದು ಇಲ್ಲಿ.

ಈ ಸ್ಥಳಕ್ಕೆ ಬಂದ ಯಾತ್ರಿಕರಲ್ಲಿ, ಕಲ್ಲಿನ ಮೇಲೆ ತನ್ನ ಯಾತ್ರೆಯನ್ನು ತಾನೇ ಬರೆಯಿಸಿದವರ ಪೈಕಿ ನಮಗೆ ತಿಳಿದಿರುವ ಮೊದಲನೆಯವನು ಅಶೋಕಚಕ್ರವರ್ತಿ. ಹಿಂದಿನ ಅರಸರು ಬೇಟೆಗೂ ವಿನೋದಕ್ಕೂ ವಿಹಾರಯಾತ್ರೆ ಹೋಗುತ್ತಲಿದ್ದರು, ತಾನು ಪಟ್ಟಾಭಿಷಿಕ್ತನಾಗಿ ಹತ್ತು ವರ್ಷಗಳಾದಾಗ ಸಂಬೋಧಿಗೆ ಹೋದೆನು, ಅಂದಿನಿಂದ ಧರ್ಮಯಾತ್ರೆಗಳು ಮೊದಲಾದುವು ಎಂಬುದಾಗಿ ಅವನ ಎಂಟನೆಯ ಬಂಡೆಶಾಸನದಲ್ಲಿದೆ. ಇದು ಕ್ರಿ. ಪೂ. 260ರ ಸುಮಾರಿನ ಮಾತು. ಕನ್ನಡ ನಾಡಿಗೂ ಈ ಅರಸನ ಮನಸ್ಸು ಅಪರಿಚಿತವಾದುದಲ್ಲ. 1892ರಲ್ಲಿ ರೈಸ್ ಮಹಾಶಯರು ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಕಂಡುಹಿಡಿದ ಶಾಸನಗಳಲ್ಲಿ, ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಮೊದಲು ಹೆಚ್ಚಿನ ಶ್ರಮ ಪಡಲಿಲ್ಲವೆಂದೂ, ಸಂಘದ ಹತ್ತಿರಕ್ಕೆ ಬಂದ ಬಳಿಕ ಶ್ರಮಿಸಿದೆನೆಂದೂ ಅವನು ಒಪ್ಪಿಕೊಂಡಿದ್ದಾನೆ. ತನ್ನ ಸೋಮಾರಿತನವನ್ನು ಬಂಡೆಯ ಮೇಲೆ ಕೊರೆಯಿಸಿದ ಚಕ್ರವರ್ತಿಗಳು ವಿರಳ.

ಮರದ ಕೆಳಗೆ ಇಂದಿಗೂ ಇರುವ ವಜ್ರಾಸನವೆಂಬ ನುಣುಪಾದ ಮರಳುಗಲ್ಲಿನ ಚಪ್ಪಡಿಯನ್ನು ವಿದ್ವಾಂಸರು ಅವನ ಕಾಲಕ್ಕೆ ಸೇರಿಸುತ್ತಾರೆ. ಆಗ ಇಲ್ಲಿ ಇಂದಿನಂತಹ ಶಿಖರವಿರಲಿಲ್ಲ. ಮರ, ಮರದಡಿಯ ಪೀಠ, ಅದನ್ನು ಬಳಸಿ ಕಂಬಗಳ ಮೇಲೆ ನಿಂತ ಒಂದು ಮಂಟಪ, ಇಷ್ಟೆ. ಭಾರ್ಹುತ್ ಸ್ತೂಪದ ಕೆತ್ತನೆಯಲ್ಲಿ ಇದರ ಚಿತ್ರವಿದೆ. ಕೊಂಬೆಗಳು ಮೇಲಿನ ಕಿಟಕಿಗಳಿಂದ ಹೊರಕ್ಕೆ ಚಾಚಿಕೊಂಡಿವೆ. ಪೀಠದ ಮೇಲೆ ಬುದ್ಧನ ರೂಪವಿಲ್ಲ. ಸುತ್ತಲೂ ಇದ್ದ ಕಲ್ಲಿನ ಕಟಾಂಜನವನ್ನು ಬಹುಕಾಲ ಅಶೋಕನದೆಂದೇ ಕರೆಯುತ್ತಿದ್ದರು. ಆದರೆ ಅದು ಅವನಿಗಿಂತ ಒಂದೆರಡು ಶತಮಾನಗಳು ಈಚಿನದು. ಅದರ ಮೇಲೆ ಕುರಂಗಿ ಎಂಬೊಬ್ಬ ರಾಜಸ್ತ್ರೀಯ ಹೆಸರು ಮತ್ತೆ ಮತ್ತೆ ಬರುತ್ತದೆ. ಚಕ್ರವರ್ತಿಯ ಕೀರ್ತಿಯ ಮರೆಯಲ್ಲಿ ಹೀಗೆ ಒಬ್ಬ ಹೆಂಗಸಿನ ದಾನ ಅಡಗಿದ್ದಿತು.

ಇನ್ನು ಮರದ ಸಂಗತಿ. ಬುದ್ಧನು ಕುಳಿತ ಮರವೇ ಇದೋ ಎಂದು ಯಾತ್ರಿಕರೆಲ್ಲರೂ ಕೇಳುತ್ತಾರೆ. ನಮ್ಮ ತಾಯಿಯವರೂ ಕೇಳಿದರು. ಅಲ್ಲ. ಅಶೋಕನ ರಾಣಿ ತಿಷ್ಯರಕ್ಷಿತೆಯು, ಅರಸನು ಮರದ ಮೇಲೆ ಇಟ್ಟ ಪ್ರೀತಿಗೆ ಸವತಿಮಾತ್ಸರ್ಯಪಟ್ಟು, ಅದನ್ನು ವಿಷದ ಮುಳ್ಳಿನಿಂದ ಕೊಲ್ಲಿಸಿದಳೆಂದು ಸಿಂಹಳದ ಮಹಾವಂಶವು ಹೇಳುತ್ತದೆ. ಏಳನೆಯ ಶತಮಾನದ ಆದಿಯಲ್ಲಿ ಗೌಡದೇಶದ ಶಶಾಂಕನು ಕಡಿಸಿದನೆಂದೂ, ಮಗಧದ ಪೂರ್ಣವರ್ಮನು ಸಾವಿರಾರು ಹಸುಗಳ ಹಾಲನ್ನು ಬೇರಿಗೆ ಎರೆಯಿಸಿ ಚಿಗುರಿಸಿದನೆಂದೂ ಚೀನದ ಯಾತ್ರಿಕ ಹ್ಯೂಯೆನ್ ತ್ಸಾಂಗನು ಬರೆದಿದ್ದಾನೆ. ಈ ಕಥೆಗಳಲ್ಲಿ ನಡೆದುದೆಷ್ಟು, ಕೂಡಿಸಿದುದೆಷ್ಟು ಎಂಬ ಚರ್ಚೆ ಒತ್ತಟ್ಟಿಗಿರಲಿ. ಅಶ್ವತ್ಥವು ಎರಡು ಸಾವಿರದ ಐನೂರು ವರ್ಷ ಬಾಳತಕ್ಕ ಮರವಲ್ಲ. ಒಂದರ ಸ್ಥಾನದಲ್ಲಿ ಮತ್ತೊಂದು ಬೆಳೆಯುತ್ತಲೇ ಬಂದಿದೆ. ಮಧ್ಯೆ ಒಂದು ಕೊಂಬೆಯನ್ನು ಅಶೋಕನ ಮಗಳಾದ ಸಂಘಮಿತ್ರೆಯು ಸಿಂಹಳಕ್ಕೆ ಕೊಂಡೊಯ್ದು ಅನುರಾಧಪುರದಲ್ಲಿ ನೆಡಿಸಿದಳೆಂದು ಮಹಾವಂಶದಲ್ಲಿದೆ. ಆ ವೃಕ್ಷವನ್ನು ಅಲ್ಲಿಯವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ತಾಯಿಮರ ಸತ್ತು ಮಗಳು ದ್ವೀಪಾಂತರದಲ್ಲಿ ಬದುಕಿದಂತಾಯಿತು. ಬುದ್ಧಗಯೆಯ ಇತಿಹಾಸದಲ್ಲಿ ಇಂತಹುದೇ ಮತ್ತೆ ಮತ್ತೆ ನಡೆಯುತ್ತದೆ: ಹತ್ತಿರದವರು ಮರೆತುದನ್ನು ದೂರದವರು ನೆನೆದಿದ್ದಾರೆ.

ನಾಲ್ಕನೆಯ ಶತಮಾನದಲ್ಲಿ ಸಿಂಹಳದಿಂದ ಬಂದ ಭಿಕ್ಷುಗಳಿಗೆ ಇಲ್ಲಿ ಇಳಿದುಕೊಳ್ಳಲು ತಾವು ದೊರೆಯಲಿಲ್ಲವಂತೆ. ಅವರು ಹಿಂದಿರುಗಿ ತಮ್ಮ ಅರಸನಾದ ಮೇಘವರ್ಣನಿಗೆ ದೂರಿಕೊಂಡರು. ಅವನು ಸಮುದ್ರಗುಪ್ತನಿಗೆ ಕಾಣಿಕೆಗಳನ್ನು ಕಳುಹಿಸಿ, ಒಂದು ವಿಹಾರವನ್ನು ಕಟ್ಟಿಸಲು ಅನುಜ್ಞೆ ಪಡೆದನು. ವೈದಿಕ ಯಜ್ಞಗಳನ್ನು ಮಾಡಿದ ಸಮುದ್ರಗುಪ್ತನು ಇದಕ್ಕೆ ಅಡ್ಡಿಮಾಡಲಿಲ್ಲ. ಸುಮಾರು 409ರಲ್ಲಿ ಬಂದ ಫಾಹಿಯಾನನು ಇಲ್ಲಿ ಮೂರು ವಿಹಾರಗಳನ್ನು ಕಂಡನು. 588ರಲ್ಲಿ ಮಹಾನಾಮನೆಂಬ ಸಿಂಹಳದ ಸ್ಥವಿರನು ಒಂದು ಬುದ್ಧಮಂದಿರವನ್ನು ಕಟ್ಟಿಸಿ ಶಾಸನವನ್ನು ಹಾಕಿಸಿದನು. 637ರ ಸುಮಾರಿಗೆ ಹ್ಯೂಯೆನ್ ತ್ಸಾಂಗನು ಬಂದಾಗ ಆ ಸಿಂಹಳವಿಹಾರದಲ್ಲಿ ಸಾವಿರಕ್ಕೆ ಹತ್ತಿರ ಹತ್ತಿರ ಭಿಕ್ಷುಗಳಿದ್ದರು. ಇಟ್ಟಿಗೆಯ ಎತ್ತರವಾದ ದೇವಾಲಯವೂ ನಿಂತಿದ್ದಿತು.

ಈ ಚೀನೀ ಪಂಡಿತನ ಬರವಣಿಗೆಯಲ್ಲಿ ಎರಡು ಸಂಗತಿಗಳು ನಮ್ಮನ್ನು ಬಹಳವಾಗಿ ಹಿಡಿದು ನಿಲ್ಲಿಸುತ್ತವೆ. ಸ್ಥಳದ ಎಲ್ಲೆಯಲ್ಲಿ ಅವಲೋಕಿತೇಶ್ವರನ ಎರಡು ವಿಗ್ರಹಗಳಿದ್ದುವಂತೆ. ಅವು ನೆಲದಲ್ಲಿ ಹೂತುಹೋಗಿ ಕಾಣದಾದಾಗ ಧರ್ಮವೂ ಅಳಿಯುವುದೆಂದು ಜನ ನಂಬಿದ್ದರು. ಅವನು ನೋಡಿದಾಗ ದಕ್ಷಿಣದ ವಿಗ್ರಹವು ಆಗಲೇ ಎದೆಯ ಮಟ್ಟಕ್ಕೆ ಇಳಿದಿದ್ದಿತು. ಸಾವಿರ ಭಿಕ್ಷುಗಳ ನಡುವೆಯೂ ಕೆಲವರು ಆ ಎದೆಮಟ್ಟವನ್ನು ನಿತ್ಯವೂ ಅಳೆಯುತ್ತಿದ್ದಿರಬೇಕು! ಎರಡನೆಯದು, ಶಶಾಂಕನು ಬುದ್ಧನ ವಿಗ್ರಹವನ್ನು ತೆಗೆದು ಮಹೇಶ್ವರನನ್ನು ಇಡುವಂತೆ ಅಪ್ಪಣೆ ಮಾಡಿದ ಕಥೆ. ಅಪ್ಪಣೆ ಪಡೆದ ಅಧಿಕಾರಿ ಬೌದ್ಧಭಕ್ತ. ತೆಗೆದರೆ ಪಾಪ, ತೆಗೆಯದಿದ್ದರೆ ಪ್ರಾಣಭಯ. ಅವನು ವಿಗ್ರಹದ ಮುಂದೆ ಇಟ್ಟಿಗೆಯ ಗೋಡೆಯೊಂದನ್ನು ಎಬ್ಬಿಸಿ, ಒಳಗಿನ ಕತ್ತಲೆಗೆ ನೊಂದು ಒಂದು ದೀಪವನ್ನು ಹಚ್ಚಿಟ್ಟು, ಗೋಡೆಯ ಹೊರಮೈಯ ಮೇಲೆ ಮಹೇಶ್ವರನ ಚಿತ್ರವನ್ನು ಬರೆಯಿಸಿದನಂತೆ. ಈ ಗೋಡೆಯನ್ನು ತಾವು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಬಿನ್ನವಿಸುತ್ತೇವೆ.

ಇದನ್ನು ಓದಿದವರು ಶೈವರೆಲ್ಲ ಬುದ್ಧಗಯೆಯ ಶತ್ರುಗಳೆಂದು ಹೇಳಿಬಿಡುವುದು ಸುಲಭ. ಆದರೆ ಪಾಲವಂಶದ ಧರ್ಮಪಾಲನ ಇಪ್ಪತ್ತಾರನೆಯ ವರ್ಷದ ಒಂದು ಶಾಸನ ಅಲ್ಲಿಯೇ ಸಿಕ್ಕಿದೆ. ಅದು ಎಂಟನೆಯ ಶತಮಾನದ ಕೊನೆಯ ಆಚೀಚಿನದು. ಉಜ್ಜ್ವಲನೆಂಬ ಶಿಲ್ಪಿಯ ಮಗನಾದ ಕೇಶವನು ಮಹಾಬೋಧಿಯಲ್ಲಿ ವಾಸಿಸುವ ಸ್ನಾತಕರ ಶ್ರೇಯಸ್ಸಿಗಾಗಿ ಚತುರ್ಮುಖ ಮಹಾದೇವನನ್ನು ಪ್ರತಿಷ್ಠೆಮಾಡಿ, ಮೂರು ಸಾವಿರ ದ್ರಮ್ಮಗಳ ವೆಚ್ಚದಿಂದ ಕೆರೆಯೊಂದನ್ನು ತೋಡಿಸಿದನು. ಆಗ ಆಳುತ್ತಿದ್ದವನು ಬೌದ್ಧನಾದ ಅರಸು. ಕ್ಷೇತ್ರವು ಭಿಕ್ಷುಗಳಿಂದ ತುಂಬಿದ್ದಿತು. ಆದರೂ ಶಿಲ್ಪಿಯ ಮಗನೊಬ್ಬನು ಅಲ್ಲಿ ಶಿವನನ್ನು ಸ್ಥಾಪಿಸಿ, ಆ ಮಾತನ್ನು ಕಲ್ಲಿನ ಮೇಲೆ ನಿರ್ಭಯವಾಗಿ ಬರೆಯಿಸಬಹುದಾಗಿತ್ತು. ಬುದ್ಧಗಯೆಯ ವಿಷಯವಾಗಿ ವಾದಿಸುವವರು ಎರಡು ಪಕ್ಷದವರೂ ಈ ಶಾಸನವನ್ನು ಹೆಚ್ಚಾಗಿ ಎತ್ತುವುದಿಲ್ಲ. ಅದು ಇಬ್ಬರ ವಾದಕ್ಕೂ ಅಷ್ಟಾಗಿ ಒದಗುವುದಿಲ್ಲವೆಂಬುದೇ ಕಾರಣವಿರಬಹುದು. ರಾಷ್ಟ್ರಕೂಟ ಕುಲದವನೆಂದು ಹೇಳಿಕೊಂಡ ತುಂಗನೆಂಬುವನ ಶಾಸನವೂ ಅಲ್ಲಿ ದೊರೆತಿದೆ. ಹೆಸರನ್ನು ಕೇಳಿ ನಮ್ಮ ಕಿವಿ ನಿಮಿರಿತು. ಆದರೆ ಮಳಖೇಡದ ಕುಲನಾಮವನ್ನು ಹೊತ್ತ ಮಾತ್ರಕ್ಕೆ ಅವನನ್ನು ಕನ್ನಡಿಗನನ್ನಾಗಿ ಮಾಡಿಕೊಳ್ಳುವುದು ಧರ್ಮವಲ್ಲ.

ಹನ್ನೆರಡನೆಯ ಶತಮಾನದ ಕೊನೆಗೆ ತುರುಷ್ಕರ ಸೇನೆಗಳು ಮಗಧವನ್ನು ಹೊಕ್ಕುವು. ನಾಲಂದ, ವಿಕ್ರಮಶಿಲೆ, ಓದಂತಪುರಿಗಳಿಗೆ ಒದಗಿದ ವಿಪತ್ತನ್ನು ತಾವು ಬಲ್ಲಿರಿ. ಬುದ್ಧಗಯೆಯ ಅಂದಿನ ಸ್ಥಿತಿಯನ್ನು ಕಣ್ಣಾರೆ ಕಂಡು ಹೇಳಿದವನು ಧರ್ಮಸ್ವಾಮಿ ಎಂಬ ಟಿಬೆಟ್ಟಿನ ಯಾತ್ರಿಕ. ಅವನ ವೃತ್ತಾಂತದ ಹಸ್ತಪ್ರತಿಯನ್ನು ಟಿಬೆಟ್ಟಿನಿಂದ ಬೆಳಕಿಗೆ ತಂದವರು ರಾಹುಲ ಸಾಂಕೃತ್ಯಾಯನರು. ಧರ್ಮಸ್ವಾಮಿಯು 1234ರಲ್ಲಿ ಇಲ್ಲಿಗೆ ಬಂದನು. ಸಾವಿರ ಭಿಕ್ಷುಗಳಿದ್ದ ಕ್ಷೇತ್ರದಲ್ಲಿ ನಾಲ್ವರು ಮಾತ್ರ ಉಳಿದಿದ್ದರು. ಸೇನೆಯ ಭಯದಿಂದ ಅವರು ಮಹಾಬೋಧಿ ವಿಗ್ರಹದ ಮುಂದಣ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಗಾರೆ ಬಳಿದು, ಹೊರಗೆ ಬೇರೊಂದು ವಿಗ್ರಹವನ್ನಿಟ್ಟು, ಗಾರೆಯ ಮೇಲೆ ಮಹೇಶ್ವರನ ಚಿತ್ರವನ್ನು ಬರೆದಿದ್ದರು.

ಆರು ನೂರು ವರ್ಷಗಳ ಬಳಿಕ ಅದೇ ಗೋಡೆ, ಅದೇ ಚಿತ್ರ! ಹಳೆಯ ಕಥೆಯೇ ಎರಡನೆಯ ಸಲ ಬರವಣಿಗೆಗೆ ನುಗ್ಗಿತೆನ್ನಬಹುದು. ನಮಗೇನೋ, ಆ ನಾಲ್ವರು ಹಳೆಯ ಕಥೆಯನ್ನು ಬಲ್ಲವರಾಗಿದ್ದು, ಆಪತ್ತಿನಲ್ಲಿ ಅದನ್ನೇ ಉಪಾಯವನ್ನಾಗಿ ಹಿಡಿದರೆಂದು ತೋರುತ್ತದೆ. ಮೊದಲನೆಯ ಸಲ ಮಹೇಶ್ವರನು ಅರಸನ ಅಪ್ಪಣೆಯಿಂದ ಬಂದನು. ಎರಡನೆಯ ಸಲ ಭಿಕ್ಷುಗಳೇ ಅವನನ್ನು ಕಾವಲಿಗೆ ಕರೆದರು.

ಇದರ ತರುವಾಯವೂ ಕ್ಷೇತ್ರ ಒಂದೇ ಸಲಕ್ಕೆ ನಂದಿಹೋಗಲಿಲ್ಲ. ಬರ್ಮಾದ ಅರಸ ಕ್ಯಾನ್‌ಜಿತ್ಥನು 1100ರ ಆಚೀಚೆಯಲ್ಲಿಯೇ ಜೀರ್ಣೋದ್ಧಾರಕ್ಕೆ ಜನರನ್ನೂ ದ್ರವ್ಯವನ್ನೂ ಕಳುಹಿಸಿದ್ದನು. ಹದಿಮೂರನೆಯ ಶತಮಾನದಲ್ಲಿ ಪಗಾನ್ ಪಟ್ಟಣದಲ್ಲಿ ಈ ದೇವಾಲಯದ ಪ್ರತಿಯೊಂದನ್ನೇ ಕಟ್ಟಿದರು. 1295ರಿಂದ 1298ರವರೆಗೆ ಮತ್ತೊಮ್ಮೆ ಬರ್ಮಾದವರು ಇಲ್ಲಿಗೆ ಬಂದು ದುರಸ್ತು ಮಾಡಿದುದು ಬರ್ಮೀ ಭಾಷೆಯ ಶಾಸನದಲ್ಲಿದೆ. ಅನಂತರ ದಾರಿಗಳಲ್ಲಿ ಹುಲ್ಲು ಬೆಳೆಯಿತು. ಸುಮಾರು 1590ರಲ್ಲಿ ಶಂಕರಾಚಾರ್ಯರ ದಶನಾಮೀ ಸಂಪ್ರದಾಯದ ಘಮಂಡೀ ಗಿರಿ ಎಂಬ ಸನ್ಯಾಸಿ ಈ ಏಕಾಂತಸ್ಥಳದಲ್ಲಿ ನೆಲಸಿದನು. ಅವನ ಶಿಷ್ಯಪರಂಪರೆಯೇ ಬುದ್ಧಗಯೆಯ ಮಹಂತರ ಮಠ. ಯಾರನ್ನೂ ಓಡಿಸಿ ಅವರು ಅಲ್ಲಿ ಕುಳಿತವರಲ್ಲ. ಓಡಿಸಲು ಆಗ ಯಾರೂ ಇರಲಿಲ್ಲ. ಕಾಲಕ್ರಮದಲ್ಲಿ ಮಠಕ್ಕೆ ಭೂಮಿಕಾಣಿಗಳು ಸೇರಿ ಅದು ದೊಡ್ಡ ಜಮೀನ್ದಾರಿಯಾಯಿತು. ಪಾಳುಬಿದ್ದ ದೇವಾಲಯದ ಇಟ್ಟಿಗೆಗಳೂ ಕಂಬಗಳೂ ಸುತ್ತಣ ಮನೆಗಳಿಗೂ ಮಠಕ್ಕೂ ಸೇರಿಹೋದುವು.

1811ರ ಡಿಸೆಂಬರಿನಲ್ಲಿ ಇಲ್ಲಿಗೆ ಬಂದವರು ಫ್ರಾನ್ಸಿಸ್ ಬುಕಾನನ್. ಈ ಹೆಸರು ಮೈಸೂರಿನವರಿಗೆ ಹಳೆಯ ಪರಿಚಯದ್ದು. ಟಿಪ್ಪೂಸುಲ್ತಾನನು ಮಡಿದ ಬಳಿಕ 1800 ಮತ್ತು 1801ರಲ್ಲಿ ನಮ್ಮ ಊರೂರುಗಳನ್ನು ಸುತ್ತಿ, ರಾಗಿಯ ಇಳುವರಿಯಿಂದ ಹಿಡಿದು ಮಗ್ಗದ ನೂಲಿನವರೆಗೆ ಎಲ್ಲವನ್ನೂ ಕೇಳಿ ಬರೆದುಕೊಂಡ ವೈದ್ಯರೇ ಇವರು. ಇಲ್ಲಿಯೂ ಅವರು ಅದೇ ರೀತಿಯಾಗಿ ಕೇಳಿದರು. ಮರವು ಪೂರ್ಣ ಹುರುಪಿನಿಂದಿದ್ದಿತು. ಅದರ ವಯಸ್ಸು ನೂರು ವರ್ಷವನ್ನು ಮೀರಿರಲಾರದೆಂದು ಅವರು ಎಣಿಸಿದರು. ಸ್ಥಳದ ಹಳೆಯ ಮಹಿಮೆಯನ್ನು ಊರಿನವರು ಹೇಳಬಲ್ಲವರಾಗಿರಲಿಲ್ಲ. ಅದನ್ನು ತಿಳಿಸಿದವನು ಒಬ್ಬ ಸನ್ಯಾಸಿ. ಅವನು ಕಲಿತದ್ದಾದರೂ ಯಾರಿಂದ? ಕೆಲವು ವರ್ಷಗಳ ಹಿಂದೆ ಬರ್ಮಾದ ಅರಸನು ಕಳುಹಿಸಿದ ಜನ ಕೈಯಲ್ಲಿ ಗ್ರಂಥಗಳನ್ನು ಹಿಡಿದು ಬಂದು, ಇದು ಇಂತಹ ಸ್ಥಳ, ಅದು ಅಂತಹ ಸ್ಥಳ ಎಂದು ಗುರುತಿಸಿ ಹೋಗಿದ್ದರಂತೆ. ಆ ಸನ್ಯಾಸಿ ಅವರ ಉಪದೇಶ ಪಡೆದು ಅವರ ಮತವನ್ನು ಹಿಡಿದಿದ್ದನು. ಮಗಧದ ನೆಲದ ಕಥೆಯನ್ನು ಮಗಧದವನೇ ಬರ್ಮಾದವರಿಂದ ಕಲಿತು ಒಬ್ಬ ಆಂಗ್ಲೇಯಾಧಿಕಾರಿಗೆ ಹೇಳಿದನು. ಇಂತಹ ಪ್ರಸಂಗ ನಮ್ಮ ದೇಶದ ಇತಿಹಾಸದಲ್ಲಿ ಮತ್ತೊಂದಿದೆಯೋ ಇಲ್ಲವೋ!

ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಾದ ಅರಸ ಮಿಂಡಾನನು ಮತ್ತೆ ಜೀರ್ಣೋದ್ಧಾರಕ್ಕೆ ಕೈಹಾಕಿದನು. 1877ರಲ್ಲಿ ಅವನ ಜನ ಬಂದು ಭಕ್ತಿಯಿಂದ, ಆದರೆ ಹಳೆಯದನ್ನು ಉಳಿಸುವ ವಿಚಾರವಿಲ್ಲದೆ, ಅಗೆಯಲೂ ಕಟ್ಟಲೂ ತೊಡಗಿದರು. ಅದನ್ನು ಪರಿಶೀಲಿಸಲು ಬಂಗಾಳದ ಸರ್ಕಾರ ರಾಜೇಂದ್ರಲಾಲ ಮಿತ್ರರನ್ನು ಕಳುಹಿಸಿತು. ಅವರ ಗ್ರಂಥವು 1878ರಲ್ಲಿ ಹೊರಬಿದ್ದಿತು. ಬಳಿಕ ಸರ್ಕಾರವೇ ಕೆಲಸವನ್ನು ವಹಿಸಿಕೊಂಡು, ಕನಿಂಗ್‌ಹ್ಯಾಮರ ಮೇಲ್ವಿಚಾರಣೆಯಲ್ಲಿ ಬೆಗ್ಲರರ ಕೈಯಿಂದ 1880ರಿಂದ 1884ರವರೆಗೆ ದೇವಾಲಯವನ್ನು ಸರಿಪಡಿಸಿತು. ಅವಶೇಷಗಳಲ್ಲಿ ಸಿಕ್ಕಿದ ಒಂದು ಚಿಕ್ಕ ಕಲ್ಲಿನ ಮಾದರಿಯ ದೇವಾಲಯವನ್ನು ಮುಂದಿಟ್ಟುಕೊಂಡು ನಾಲ್ಕು ಮೂಲೆಗಳ ಸಣ್ಣ ಗೋಪುರಗಳನ್ನು ಎಬ್ಬಿಸಿದರು. ಇದು ಉದ್ಧಾರವೋ ಹೊಸ ಸೃಷ್ಟಿಯೋ ಎಂಬ ಆಕ್ಷೇಪಣೆ ಅಂದಿನಿಂದ ಇದ್ದೇ ಇದೆ. ಇಂದು ನಾವು ಕೈಮುಗಿಯುವ ಶಿಖರ, ಹೊರಗಣ್ಣಿಗೆ ಕಾಣುವಷ್ಟರ ಮಟ್ಟಿಗೆ, ಬಹಳವಾಗಿ ಅವರದೇ. ಮರವು ಆ ವೇಳೆಗೆ ಇರಲಿಲ್ಲ. 1876ರ ಒಂದು ಬಿರುಗಾಳಿಯಲ್ಲಿ ಬಿದ್ದುಹೋಗಿದ್ದಿತು. ಅದರ ಸಸಿಯನ್ನು ಕನಿಂಗ್‌ಹ್ಯಾಮರು ನೆಡಿಸಿದರು. ನಾವು ಪಿಂಡವಿಟ್ಟದ್ದು ಆ ಸಸಿ ಬೆಳೆದು ಹರಡಿದ ನೆರಳಿನಲ್ಲಿ.

ಎಡ್ವಿನ್ ಆರ್ನಾಲ್ಡ್ ಎಂಬ ಆಂಗ್ಲೇಯ ಕವಿ ಬುದ್ಧನ ಚರಿತೆಯನ್ನು ಕಾವ್ಯವಾಗಿ ಬರೆದು 1879ರಲ್ಲಿ ಪ್ರಸಿದ್ಧನಾದನು. ಅನಂತರ ಅವನು ಬುದ್ಧಗಯೆಯನ್ನು ನೋಡಿ, ಕ್ಷೇತ್ರವು ಬೌದ್ಧರ ಕೈಗೆ ಸೇರಬೇಕೆಂದು ಪತ್ರಿಕೆಗಳಲ್ಲಿ ಬರೆದನು. ಅದನ್ನು ಓದಿದ ಸಿಂಹಳದ ತರುಣ ಅನಾಗಾರಿಕ ಧರ್ಮಪಾಲರು 1891ರ ಜನವರಿ 22ರಂದು ಇಲ್ಲಿಗೆ ಬಂದರು. ಕೆಲವು ದಿನ ಇದ್ದು ಹೋಗಲೆಂದು ಬಂದವರು ಆ ವಜ್ರಾಸನಕ್ಕೆ ಹಣೆ ಚಾಚಿದ ಕ್ಷಣದಿಂದ ಉಳಿದ ಆಯುಸ್ಸನ್ನೆಲ್ಲ ಇದಕ್ಕೇ ಕೊಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಮಹಾಬೋಧಿ ಸಭೆಯನ್ನು ಕೊಲಂಬೋ ನಗರದಲ್ಲಿ ಸ್ಥಾಪಿಸಿದರು. 1895ರ ಫೆಬ್ರುವರಿ 25ರಂದು, ಜಪಾನಿನಿಂದ ಬಂದ ಪುರಾತನ ಬುದ್ಧವಿಗ್ರಹವನ್ನು ದೇವಾಲಯದ ಮೇಲಂತಸ್ತಿನಲ್ಲಿ ಇಡಹೋದಾಗ ಮಹಂತರ ಜನ ತಡೆದು ಅದನ್ನು ಹೊರಕ್ಕೆ ಸಾಗಿಸಿದರು. ವ್ಯಾಜ್ಯ ನಡೆಯಿತು. ಕೆಳಗಿನ ನ್ಯಾಯಸ್ಥಾನವು ಮಹಂತರ ಕಡೆಯವರನ್ನು ತಪ್ಪಿತಸ್ಥರೆಂದಿತು. ಕಲ್ಕತ್ತೆಯ ಹೈಕೋರ್ಟು ಆ ತೀರ್ಪನ್ನು ರದ್ದುಮಾಡಿತು. ಸ್ವಾಧೀನದಲ್ಲಿರುವವರ ಇಷ್ಟಕ್ಕೆ ವಿರೋಧವಾಗಿ ವಿಗ್ರಹವನ್ನು ಸ್ಥಾಪಿಸುವ ಹಕ್ಕು ಧರ್ಮಪಾಲರಿಗಿಲ್ಲವೆಂಬುದು ಅದರ ಸಾರಾಂಶ. ನ್ಯಾಯಾಧಿಪತಿಗಳು ಸ್ವಾಧೀನವನ್ನು ಅಳೆಯಬಲ್ಲರು. ನೆನಪನ್ನು ಅಳೆಯುವ ಕೋಲು ಅವರ ಬಳಿ ಇಲ್ಲ.

ಮುಂದಿನದನ್ನು ಬೇಗನೆ ಹೇಳುತ್ತೇವೆ. ಲಾರ್ಡ್ ಕರ್ಜನ್ನರು 1903ರಲ್ಲಿ ಸಂಧಾನಕ್ಕೆ ಪ್ರಯತ್ನಪಟ್ಟರು, ಫಲಿಸಲಿಲ್ಲ. 1922ರಲ್ಲಿ ಗಯೆಯಲ್ಲಿ ಕಾಂಗ್ರೆಸ್ ಮಹಾಸಭೆ ಸೇರಿದ ಬಳಿಕ, ಬಾಬು ರಾಜೇಂದ್ರಪ್ರಸಾದರು ಹಿಂದೂ ಬೌದ್ಧರಿಬ್ಬರೂ ಕೂಡಿದ ಸಮಿತಿಯೊಂದು ಆಗಬೇಕೆಂದು ಸೂಚಿಸಿದರು. 1933ರಲ್ಲಿ ಧರ್ಮಪಾಲರು ಸಾರನಾಥದಲ್ಲಿ ತೀರಿಕೊಂಡರು. ತಾವು ಬೇಡಿದುದನ್ನು ಅವರು ನೋಡಲಿಲ್ಲ. ದೇಶವು ಸ್ವತಂತ್ರವಾದ ಮೇಲೆ 1949ರಲ್ಲಿ ಬಿಹಾರದ ಶಾಸನಸಭೆಯು ಕಾಯಿದೆಯೊಂದನ್ನು ಮಾಡಿತು: ನಾಲ್ವರು ಹಿಂದೂಗಳು, ನಾಲ್ವರು ಬೌದ್ಧರು, ಜಿಲ್ಲೆಯ ಮ್ಯಾಜಿಸ್ಟ್ರೇಟರು ಅಧ್ಯಕ್ಷರು. ಆ ಅಧಿಕಾರಿ ಹಿಂದುವಲ್ಲದಿದ್ದರೆ ಬೇರೆ ಹಿಂದುವೊಬ್ಬನನ್ನು ನೇಮಿಸಬೇಕೆಂಬ ವಿಧಿಯೂ ಸೇರಿತ್ತು; ಅದನ್ನು 2013ರಲ್ಲಿ ತೆಗೆದುಹಾಕಿದರು. 1953ರ ಮೇ ತಿಂಗಳಿನಲ್ಲಿ ಆಡಳಿತವು ಈ ಸಮಿತಿಗೆ ಬಂದಿತು. 2002ರಲ್ಲಿ ಯುನೆಸ್ಕೋ ಸಂಸ್ಥೆಯು ದೇವಾಲಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ವಿವಾದ ಮುಗಿಯಲಿಲ್ಲ. 1949ರ ಕಾಯಿದೆಯನ್ನೇ ರದ್ದುಮಾಡಿ ಪೂರ್ಣಾಧಿಕಾರವನ್ನು ಬೌದ್ಧರಿಗೆ ಕೊಡಬೇಕೆಂದು 2025ರ ಫೆಬ್ರುವರಿಯಲ್ಲಿ ಭಿಕ್ಷುಗಳು ಬುದ್ಧಗಯೆಯಲ್ಲಿ ಧರಣಿ ಕುಳಿತರು.

ತಮ್ಮಲ್ಲಿ ಕೆಲವರು, ಇಷ್ಟು ಹೇಳಿದಿರಿ, ನಿಮ್ಮ ಅಭಿಪ್ರಾಯವೇನು ಎಂದು ಕೇಳಬಹುದು. ಬುದ್ಧನು ವಿಷ್ಣುವಿನ ಅವತಾರವಾದುದರಿಂದ ಕ್ಷೇತ್ರ ನಮ್ಮದೇ ಎಂಬ ವಾದವನ್ನು ನಾವು ಗಯೆಯ ಬೀದಿಯಲ್ಲಿಯೂ ಕೇಳಿದ್ದೇವೆ, ವಿದ್ವಾಂಸರ ಬಾಯಲ್ಲಿಯೂ ಕೇಳಿದ್ದೇವೆ. ದಶಾವತಾರದ ಗೋಡೆಯ ಪಟದಲ್ಲಿ ಒಬ್ಬನನ್ನು ಒಂಬತ್ತನೆಯವನನ್ನಾಗಿ ಬರೆದುಕೊಂಡ ಮಾತ್ರಕ್ಕೆ ಅವನ ಮನೆಯ ಬೀಗದಕೈ ನಮಗೆ ಬರುವುದಿಲ್ಲ. ನಮ್ಮವರು ಪಿಂಡವಿಡುವ ಸ್ಥಳಗಳು ಗಯೆಯಲ್ಲಿ ಹತ್ತಾರು ಇವೆ. ಒಂದು ತಪ್ಪಿದರೆ ಮತ್ತೊಂದುಂಟು. ಆ ಸಿಂಹಳದ ತಾಯಿಗೆ ಇಂತಹುದು ಭೂಮಿಯ ಮೇಲೆ ಇದೊಂದೇ. ಮೇಘವರ್ಣನ ಕಾಲದಿಂದ ಇಂದಿನವರೆಗೆ ಈ ಸ್ಥಳಕ್ಕಾಗಿ ಕಡಲು ದಾಟಿದವರು ಆಕೆಯ ಕಡೆಯವರು. ಆಡಳಿತವು ಅವರದಾಗಿರುವುದು ನ್ಯಾಯವೆಂದೇ ನಮಗೆ ತೋರುತ್ತದೆ. ಆದರೆ ಕೇಶವನ ಚತುರ್ಮುಖ ಲಿಂಗವನ್ನು ಹೇಗೆ ಮರೆಯುವುದು? ಗಯಾಮಾಹಾತ್ಮ್ಯವನ್ನು ನಂಬಿ ಬರುವ ಮುದುಕಿಯರನ್ನು ಬಾಗಿಲಿನಿಂದ ಹಿಂದಕ್ಕೆ ಕಳುಹಿಸುವ ದಿನ ಬರುವುದಾದರೆ ಅದನ್ನೂ ನಾವು ಒಪ್ಪಲಾರೆವು. ಬಾಗಿಲು ತೆರೆದಿರಬೇಕು, ಬೀಗದಕೈ ಅವರ ಕೈಯಲ್ಲಿರಬೇಕು. ಇದು ಕಾಯಿದೆ ಬರೆಯುವವರಿಗೆ ಸುಲಭದ ವಾಕ್ಯವಲ್ಲವೆಂದು ಬಲ್ಲೆವು.

ಇನ್ನೊಂದು ಸಣ್ಣ ಸಂಗತಿ ಉಳಿಯಿತು. ಕರ್ಮವನ್ನು ಮುಗಿಸಿ ನಾವು ಏಳುವಾಗ ನಮ್ಮ ತಾಯಿಯವರು ಆ ವೃದ್ಧೆಯ ಬಳಿಗೆ ಹೋಗಿ ಕೈಮುಗಿದು, “ತೊಂದರೆ ಕೊಟ್ಟೆವು ತಾಯಿ, ನಮ್ಮ ಯಜಮಾನರ ಕಾರ್ಯ” ಎಂದು ಅಚ್ಚಕನ್ನಡದಲ್ಲಿಯೇ ಹೇಳಿದರು. ಆಕೆ ಸಿಂಹಳಭಾಷೆಯಲ್ಲಿ ಏನೋ ಉತ್ತರ ಕೊಟ್ಟರು. ಗಾಳಿಗೆ ಉದುರಿದ್ದ ಎರಡು ಅಶ್ವತ್ಥದ ಎಲೆಗಳು ಆಕೆಯ ಮಡಿಲಿನಲ್ಲಿದ್ದುವು. ಒಂದನ್ನು ನಮ್ಮ ತಾಯಿಯವರಿಗೆ ಕೊಟ್ಟರು. ಅದು ಈಗ ನಮ್ಮ ಮನೆಯಲ್ಲಿ, ತಂದೆಯವರ ಪಂಚಾಂಗದ ಪುಟಗಳ ನಡುವೆ ಇದೆ.